ರನ್‌ವೇಯ ಕೊನೆಯ ಸಾವಿರ ಅಡಿ

ಕೇಳುಗರಿಗೆ ನಮಸ್ಕಾರ.

ಹಾಸನದ ಬೂವನಹಳ್ಳಿಯಿಂದ ವಿಮಾನ ಹಾರಬೇಕು ಎಂಬುದು ಈ ಜಿಲ್ಲೆಯ ಹಳೆಯ ಆಸೆ. ಆ ಮಾತು ಬಂದಾಗಲೆಲ್ಲ ಮುಂಬೈಗೆ ಎಷ್ಟು ಹೊತ್ತು, ಟಿಕೆಟ್ಟಿಗೆ ಎಷ್ಟು ದುಡ್ಡು ಎಂಬ ಲೆಕ್ಕ ನಡೆಯುತ್ತದೆ. ಇವತ್ತು ಬೇರೆ ಲೆಕ್ಕ ಹಾಕೋಣ. ಇಂಥ ಜಿಲ್ಲಾ ನಿಲ್ದಾಣಗಳಲ್ಲಿ ವಿಮಾನಕ್ಕೆ ಅಪಾಯ ಎಲ್ಲಿಂದ ಬರುತ್ತದೆ?

ನಡು ಆಕಾಶದಲ್ಲಿ ಎಂಜಿನ್ ಕೆಟ್ಟು ವಿಮಾನ ಬೀಳುವುದು ಬಹಳ ಅಪರೂಪ. ಅಪಘಾತಗಳಲ್ಲಿ ದೊಡ್ಡ ಪಾಲು ನೆಲ ಹತ್ತಿರವಾದ ಕೊನೆಯ ಕೆಲವು ನಿಮಿಷಗಳದ್ದು. ಅದರಲ್ಲೂ ಮತ್ತೆ ಮತ್ತೆ ಕಾಣುವುದು ಇಳಿದ ವಿಮಾನ ನಿಲ್ಲದೆ ರನ್‌ವೇ ದಾಟಿ ಹೋಗುವುದು.

ಸರಿಯಾದ ಇಳಿತ ಹೀಗಿರುತ್ತದೆ. ವಿಮಾನ ಸುಮಾರು 3 ಡಿಗ್ರಿ ಇಳಿಜಾರಿನಲ್ಲಿ ಬರುತ್ತದೆ, ಒಂದು ನಾಟಿಕಲ್ ಮೈಲಿಗೆ, ಅಂದರೆ ಸುಮಾರು 1.85 ಕಿಲೋಮೀಟರಿಗೆ, 300 ಅಡಿಗಿಂತ ಸ್ವಲ್ಪ ಹೆಚ್ಚು ಇಳಿಯುತ್ತದೆ. ರನ್‌ವೇ ಶುರುವಾಗುವ ಅಂಚು ದಾಟುವಾಗ ವಿಮಾನ ನೆಲದಿಂದ ಸುಮಾರು 50 ಅಡಿ ಮೇಲಿರಬೇಕು. ಅಂಚಿನಿಂದ ಸುಮಾರು ಸಾವಿರ ಅಡಿ ಒಳಗೆ ನೆಲ ಮುಟ್ಟಬೇಕು. ಮೋಡ, ಮಂಜಿನಲ್ಲಿ ಬರುವಾಗ ನೆಲದಿಂದ 1,000 ಅಡಿ ಎತ್ತರಕ್ಕೆ ಬರುವಷ್ಟರಲ್ಲಿ ಚಕ್ರ ಇಳಿದಿರಬೇಕು, ನಿಧಾನವಾಗಿ ಹಾರಲು ನೆರವಾಗುವ ರೆಕ್ಕೆಯ ಫ್ಲಾಪ್ ಬಿಚ್ಚಿರಬೇಕು, ವೇಗ ಹದಕ್ಕೆ ಬಂದಿರಬೇಕು, ಇಳಿಯುವ ವೇಗ ನಿಮಿಷಕ್ಕೆ 1,000 ಅಡಿ ಮೀರಬಾರದು. ಇದರಲ್ಲಿ ಒಂದು ತಪ್ಪಿದರೂ ಪೈಲಟ್ ಎಂಜಿನ್‌ಗೆ ಪೂರ್ಣ ಶಕ್ತಿ ಕೊಟ್ಟು ಮತ್ತೆ ಮೇಲೇರಬೇಕು. ಇದಕ್ಕೇ ಗೋ ಅರೌಂಡ್ ಎನ್ನುವುದು.

ಮಂಗಳೂರಿನಲ್ಲಿ 2010ರ ಮೇ 22ರ ಬೆಳಗ್ಗೆ ಆ ನಿರ್ಧಾರ ಸಕಾಲಕ್ಕೆ ಆಗಲಿಲ್ಲ. ದುಬೈನಿಂದ ಬಂದ ಬೋಯಿಂಗ್ 737 ತೀರಾ ಎತ್ತರದಲ್ಲಿತ್ತು. ರನ್‌ವೇಯ ಅಂಚನ್ನು 50 ಅಡಿಯ ಬದಲು ಸುಮಾರು 200 ಅಡಿಯಲ್ಲಿ, ಇರಬೇಕಾದ್ದಕ್ಕಿಂತ ಹೆಚ್ಚು ವೇಗದಲ್ಲಿ ದಾಟಿತು. 8,033 ಅಡಿಯ ರನ್‌ವೇಯಲ್ಲಿ ಅದು ನೆಲ ಮುಟ್ಟಿದ್ದು ಸುಮಾರು 5,200 ಅಡಿ ಕಳೆದ ಮೇಲೆ. ಸಹ ಪೈಲಟ್ ಗೋ ಅರೌಂಡ್ ಮಾಡುವಂತೆ ಮೂರು ಬಾರಿ ಹೇಳಿದ್ದರು. ಇಳಿದು, ವೇಗ ತಗ್ಗಿಸಲು ಎಂಜಿನ್ನಿನ ಗಾಳಿಯನ್ನು ಮುಂದಕ್ಕೆ ತಿರುಗಿಸುವ ರಿವರ್ಸರ್ ಹಾಕಿದ ಮೇಲೆ ಮತ್ತೆ ಮೇಲೇರುವ ಪ್ರಯತ್ನ ನಡೆಯಿತು. ಆ ಹಂತದಲ್ಲಿ ಅದನ್ನು ಮಾಡಲೇಬಾರದು. ವಿಮಾನ ಗುಡ್ಡದ ಅಂಚಿನಿಂದ ಕಣಿವೆಗೆ ಬಿತ್ತು. 166 ಜನರಲ್ಲಿ 158 ಮಂದಿ ತೀರಿಹೋದರು. ವಿಮಾನದಲ್ಲಿ ದೋಷವಿರಲಿಲ್ಲ ಎಂಬುದು ಈ ಘಟನೆಯ ಅತ್ಯಂತ ನೋವಿನ ಸಂಗತಿ.

ಹತ್ತು ವರ್ಷದ ನಂತರ, 2020ರ ಆಗಸ್ಟ್ 7ರಂದು, ಕೋಯಿಕ್ಕೋಡಿನಲ್ಲಿ ಮಳೆ, ಹಿಂಗಾಳಿ, ಜೊತೆಗೆ ಕ್ಯಾಪ್ಟನ್ ಕಡೆಯ ವೈಪರ್ ಕೈಕೊಟ್ಟಿತ್ತು. ಅಲ್ಲೂ ವಿಮಾನ ನೆಲ ಮುಟ್ಟಿದ್ದು ಸುಮಾರು ಅರ್ಧ ರನ್‌ವೇ ಕಳೆದ ಮೇಲೆ. 21 ಜನ ಪ್ರಾಣ ಕಳೆದುಕೊಂಡರು, ಇಬ್ಬರು ಪೈಲಟ್‌ಗಳೂ ಅವರಲ್ಲಿದ್ದರು.

ಈಗ ಹಾಸನದ ವಿಚಾರ. ನಮ್ಮೂರು ಸಮುದ್ರಮಟ್ಟದಿಂದ 3,000 ಅಡಿಗೂ ಎತ್ತರ. ಇಲ್ಲಿ ಗಾಳಿ ತೆಳು. ಏಪ್ರಿಲ್ ಮಧ್ಯಾಹ್ನ 32 ಡಿಗ್ರಿ ಬಿಸಿಲಿದ್ದರೆ ಗಾಳಿ ಇನ್ನೂ ತೆಳುವಾಗಿ, ವಿಮಾನದ ಪಾಲಿಗೆ ಹಾಸನ 5,700 ಅಡಿ ಎತ್ತರದ ಊರಿನಂತಾಗುತ್ತದೆ. ವೇಗದ ಮಾಪಕ 110 ನಾಟ್, ಅಂದರೆ ಗಂಟೆಗೆ 110 ನಾಟಿಕಲ್ ಮೈಲಿ, ತೋರಿಸಿದರೂ ನಿಜವಾದ ವೇಗ 120ರ ಹತ್ತಿರ ಇರುತ್ತದೆ. ವೇಗ ಶೇಕಡ 9ರಷ್ಟು ಏರಿದರೆ ಬ್ರೇಕು ನುಂಗಬೇಕಾದ ಶಕ್ತಿ ಸುಮಾರು ಶೇಕಡ 19ರಷ್ಟು ಏರುತ್ತದೆ. ಆ ವೇಗದಲ್ಲಿ ವಿಮಾನ ಸೆಕೆಂಡಿಗೆ 60 ಮೀಟರ್ ಓಡುತ್ತದೆ. ರನ್‌ವೇ ಮೇಲೆ 5 ಸೆಕೆಂಡ್ ತೇಲಿದರೆ 300 ಮೀಟರ್ ಮುಗಿಯಿತು, ಅದು ಮರಳಿ ಸಿಗುವುದಿಲ್ಲ.

ರನ್‌ವೇ ಉದ್ದ ಗೊತ್ತುಮಾಡುವ ಅಂತರರಾಷ್ಟ್ರೀಯ ಸೂತ್ರವೂ ಇದನ್ನೇ ಹೇಳುತ್ತದೆ: ಪ್ರತಿ 300 ಮೀಟರ್ ಎತ್ತರಕ್ಕೆ ಉದ್ದ ಶೇಕಡ 7ರಷ್ಟು ಹೆಚ್ಚಬೇಕು. ಸಮುದ್ರದಂಡೆಯಲ್ಲಿ 1,500 ಮೀಟರ್ ಸಾಕಾದ ವಿಮಾನಕ್ಕೆ ಇಲ್ಲಿ 1,830 ಮೀಟರ್ ಬೇಕು. ಬಿಸಿಲಿನ ಲೆಕ್ಕ ಅದರ ಮೇಲೆ. ಆದ್ದರಿಂದ ಬೇಸಿಗೆಯ ಮಧ್ಯಾಹ್ನ ಭಾರ ತಗ್ಗಿಸಲು ಕೆಲವು ಸೀಟು ಖಾಲಿ ಬಿಟ್ಟು ಹಾರಿದರೆ ಅದನ್ನು ನಷ್ಟ ಎಂದುಕೊಳ್ಳಬೇಡಿ.

ಮಳೆಗಾಲದಲ್ಲಿ ಕಷ್ಟ ನೀರಿನದು. ರನ್‌ವೇ ಮೇಲೆ ನೀರು ನಿಂತರೆ ಟೈರು ಡಾಂಬರು ಮುಟ್ಟದೆ ನೀರಿನ ಪದರದ ಮೇಲೆ ಜಾರುತ್ತದೆ. ಟೈರಿನ ಒತ್ತಡದ (ಪಿಎಸ್‌ಐ, ಅಂದರೆ ಚದರ ಇಂಚಿಗೆ ಪೌಂಡ್ ಲೆಕ್ಕದಲ್ಲಿ) ವರ್ಗಮೂಲವನ್ನು 9ರಿಂದ ಗುಣಿಸಿದರೆ ಎಷ್ಟು ನಾಟ್‌ನಲ್ಲಿ ಜಾರಾಟ ಶುರುವಾಗುತ್ತದೆ ಎಂದು ತಿಳಿಯುತ್ತದೆ. 200 ಪಿಎಸ್‌ಐ ಒತ್ತಡಕ್ಕೆ ಅದು ಸುಮಾರು 127 ನಾಟ್. ರನ್‌ವೇಗೆ ಅಡ್ಡಲಾಗಿ ಸಣ್ಣ ಗೀರು ಕೊರೆಯುವುದು, ಟೈರಿನಿಂದ ಅಂಟಿದ ರಬ್ಬರನ್ನು ಆಗಾಗ ತೊಳೆದು ತೆಗೆಯುವುದು ಈ ಕಾರಣಕ್ಕೆ. ಇಷ್ಟಾದರೂ ವಿಮಾನ ದಾಟಿಹೋದರೆ ಹಿಡಿಯಲು ರನ್‌ವೇಯ ತುದಿಯಲ್ಲಿ ಸಮತಟ್ಟಾದ ಸುರಕ್ಷಾ ಜಾಗ ಬೇಕು. ದೊಡ್ಡ ರನ್‌ವೇಗಳಿಗೆ ಕನಿಷ್ಠ 90 ಮೀಟರ್ ಕಡ್ಡಾಯ, 240 ಮೀಟರ್ ಇರಲಿ ಎಂಬುದು ಶಿಫಾರಸು. ಭೂಮಿ ಕೊಳ್ಳುವಾಗ ಈ 240 ಮೀಟರ್ ವಿಷಯದಲ್ಲಿ ಚೌಕಾಸಿ ಬೇಡ.

ಮಂಜು, ಬೆಟ್ಟ ಇವೆರಡೂ ಸೇರಿದರೆ ಇನ್ನೊಂದು ಬಗೆಯ ಅಪಾಯ. ಪಶ್ಚಿಮಕ್ಕೆ ಸಕಲೇಶಪುರದ ಘಟ್ಟ, ವಾಯವ್ಯಕ್ಕೆ ಚಿಕ್ಕಮಗಳೂರಿನ ಕಡೆ 1,930 ಮೀಟರಿನ ಮುಳ್ಳಯ್ಯನಗಿರಿ. ಎತ್ತರದ ಮಾಪಕ ಗಾಳಿಯ ಒತ್ತಡದಿಂದ ಎತ್ತರ ಅಳೆಯುತ್ತದೆ; ಅದಕ್ಕೆ ಅಲ್ಲಿನ ಒತ್ತಡವನ್ನು 10 ಹೆಕ್ಟೋಪಾಸ್ಕಲ್ (ಗಾಳಿಯೊತ್ತಡದ ಅಳತೆ) ತಪ್ಪಾಗಿ ಕೊಟ್ಟರೆ ಎತ್ತರ ಸುಮಾರು 300 ಅಡಿ ತಪ್ಪು ತೋರುತ್ತದೆ. ಪೈಲಟ್ ನಿಲ್ದಾಣದ ನಿಯಂತ್ರಕರಿಂದ ಕೇಳಿಸಿಕೊಂಡ ಒತ್ತಡದ ಸಂಖ್ಯೆಯನ್ನು ಮತ್ತೆ ಓದಿ ಹೇಳುವುದು ಇದಕ್ಕೇ. ಡಿಸೆಂಬರ್, ಜನವರಿಯ ಮುಂಜಾನೆ ಮಂಜು ಕವಿದಿದ್ದರೆ ಕಾಯುವುದು ಅಥವಾ ಬೆಂಗಳೂರಿಗೆ ತಿರುಗುವುದೇ ಸರಿ. ಅಂಥ ಹೊತ್ತಿನಲ್ಲಿ ಪೈಲಟ್ ಮೇಲೆ ಯಾರೂ ಒತ್ತಡ ಹಾಕಬಾರದು, ಒಳಗೆ ಎಷ್ಟೇ ದೊಡ್ಡವರು ಕೂತಿರಲಿ.

ಕೊನೆಗೆ ಊರಿನವರ ಕೈಯಲ್ಲೇ ಇರುವ ಒಂದು ವಿಷಯ: ಹಕ್ಕಿಗಳು. ಹಕ್ಕಿ ಬಡಿಯುವುದು ಹೆಚ್ಚಾಗಿ ನೆಲದಿಂದ 500 ಅಡಿಯೊಳಗೆ, ಹದ್ದು ನವಿಲಿನಂಥ ಭಾರದ ಹಕ್ಕಿಯಾದರೆ ಎಂಜಿನ್ನಿನ ಬ್ಲೇಡು ಮುರಿಯಬಹುದು. 1937ರ ವಿಮಾನ ನಿಯಮಗಳ 91ನೇ ನಿಯಮದಂತೆ ನಿಲ್ದಾಣದಿಂದ 10 ಕಿಲೋಮೀಟರ್ ಒಳಗೆ ಪ್ರಾಣಿ ಕಡಿಯುವುದು, ಹಕ್ಕಿಗಳನ್ನು ಸೆಳೆಯುವ ಕಸ ಸುರಿಯುವುದು ನಿಷಿದ್ಧ. ಆ ವ್ಯಾಪ್ತಿಯಲ್ಲಿ ಹಾಸನ ನಗರದ ಭಾಗವೂ ಸುತ್ತಲಿನ ಹಳ್ಳಿಗಳೂ ಬರುತ್ತವೆ. ಕೋಳಿ ಅಂಗಡಿಯ ತ್ಯಾಜ್ಯ ಕೆರೆ ದಂಡೆಗೆ ಹೋಗದಂತೆ, ಮುಚ್ಚಿದ ಗಾಡಿಯಲ್ಲೇ ಸಾಗುವಂತೆ ನಗರಾಡಳಿತವೂ ಪಂಚಾಯಿತಿಗಳೂ ಮೊದಲ ವಿಮಾನ ಬರುವ ಮುಂಚೆಯೇ ಏರ್ಪಾಡು ಮಾಡಬೇಕು.

ನಮಸ್ಕಾರ.