ಆ ಗೊರಗೊರ ಸದ್ದಿಗೆ ಕಿವಿ ಕೊಡಿ

ಎಲ್ಲರಿಗೂ ನಮಸ್ಕಾರ. ಇಲ್ಲಿ ಕೂತಿರುವವರು ಹೆಚ್ಚಿನವರು ಹ್ಯಾಮ್‌ಗಳೇ, ಅಂದರೆ ಹವ್ಯಾಸಿ ರೇಡಿಯೊದವರೇ. ಸಿಗ್ನಲ್ ಎತ್ತಿಕೊಂಡು ಮತ್ತೆ ಕಳಿಸುವ ರಿಪೀಟರ್ ಬಗ್ಗೆ ಹೇಳಿ ತಲೆ ತಿನ್ನುವುದಿಲ್ಲ. ಚಾನೆಲ್ ಹಂಚಿಕೊಳ್ಳುವ ಟ್ರಂಕಿಂಗ್ ರೇಡಿಯೊವನ್ನು ಸ್ಕ್ಯಾನರ್ ಹೇಗೆ ಹಿಂಬಾಲಿಸುತ್ತದೆ ಅನ್ನುವುದೇ ಇವತ್ತಿನ ಮಾತು. ನೇರ ಅಮೆರಿಕಕ್ಕೆ ಹೋಗೋಣ, ಸ್ಕ್ಯಾನರ್ ಹುಚ್ಚು, ಅಂದರೆ ಚಾನೆಲ್‌ನಿಂದ ಚಾನೆಲ್‌ಗೆ ಹಾರುತ್ತಾ ಪೊಲೀಸರಂಥವರ ಮಾತು ಕೇಳಿಸುವ ರೇಡಿಯೊ ಹುಚ್ಚು, ಅಲ್ಲೇ ಜಾಸ್ತಿ. ಇಲ್ಲಿ ಲೈಸೆನ್ಸ್ ಇಲ್ಲದೆ ಕೈ ಹಾಕಿದರೆ ಬೇರೆ ಉಪನ್ಯಾಸ ಕೇಳಬೇಕಾಗುತ್ತದೆ, ಠಾಣೆಯಲ್ಲಿ!

ಮೊದಲು ಅಲ್ಲಿ ಪೊಲೀಸರಿಗೊಂದು ಚಾನೆಲ್, ಫೈರ್ ಇಂಜಿನ್‌ಗೊಂದು, ಕಸದ ಲಾರಿಗೊಂದು. ಲಾರಿಯವರ ಚಾನೆಲ್ ಖಾಲಿ ಬಿದ್ದಿದ್ದರೂ ಪೊಲೀಸರು ತಮ್ಮದರಲ್ಲೇ ನೂಕಾಡಬೇಕು. ಟ್ರಂಕಿಂಗ್ ಬಂದಿದ್ದು ಇದಕ್ಕೇ. ಎಲ್ಲ ಚಾನೆಲ್ ಒಂದೇ ಕಡೆ ಸೇರಿಸಿ, ಯಾರು ಮಾತಾಡಲು ಬಟನ್ ಒತ್ತುತ್ತಾರೋ ಅವರ ಗುಂಪಿಗೆ ಆಗ ಖಾಲಿ ಇರುವುದನ್ನು ಕೊಡುವುದು. ಬಸ್ ನಿಲ್ದಾಣದ ಮೈಕಿನ ಹಾಗೆ. ತುಮಕೂರು ಬಸ್ಸು ಇವತ್ತು ಯಾವ ಪ್ಲಾಟ್‌ಫಾರ್ಮ್ ಅಂತ ಮೈಕಿನಲ್ಲಿ ಕೂಗುತ್ತಾರೆ. ನಿನ್ನೆಯ ಪ್ಲಾಟ್‌ಫಾರ್ಮ್ ನೆಚ್ಚಿಕೊಂಡು ನಿಂತರೆ ಬಸ್ಸು ಹೋಯಿತು! ನಾನು ಹೇಳುವುದು ಇಷ್ಟೇ: ಫ್ರೀಕ್ವೆನ್ಸಿ ಬಿಡಿ, ಗುಂಪು ಹಿಡಿಯಿರಿ.

ಹಳೇ ಸ್ಕ್ಯಾನರ್ ಇಟ್ಟುಕೊಂಡವರ ಪಾಡು ನೋಡಿ. 851ರಿಂದ 869 ಮೆಗಾಹರ್ಟ್ಸ್ ನಡುವೆ ಕೇಳುತ್ತಿದ್ದಾರೆ. 'ಎಲ್ಲಿ ಬೆಂಕಿ?' ಅನ್ನುವುದು ಒಂದು ಚಾನೆಲ್‌ನಲ್ಲಿ, ಉತ್ತರ ಇನ್ನೊಂದರಲ್ಲಿ. ಸ್ಕ್ಯಾನರ್ ಅಲ್ಲಿಗೆ ಹೋಗುವಷ್ಟರಲ್ಲಿ ಯಾರೋ ಕಸದ ಲೆಕ್ಕ ಹೇಳುತ್ತಿರುತ್ತಾರೆ. ಇದರ ಜೊತೆಗೆ ಒಂದು ಚಾನೆಲ್‌ನಲ್ಲಿ ದಿನವಿಡೀ ಗೊರಗೊರ ಸದ್ದು. ಸ್ಕ್ಯಾನರ್ ಪ್ರತಿ ಸಲ ಅಲ್ಲೇ ಸಿಕ್ಕಿಹಾಕಿಕೊಳ್ಳುತ್ತದೆ. ಕಿರಿಕಿರಿ ಅಂತ ಜನ ಏನು ಮಾಡುತ್ತಿದ್ದರು? ಲಾಕ್‌ಔಟ್ ಬಟನ್ ಒತ್ತಿ ಅದನ್ನೇ ಹೊರಗೆ ಹಾಕುತ್ತಿದ್ದರು! ಬಸ್ಸಿಗೆ ಕಾಯುತ್ತಾ ಮೈಕಿನ ವೈರ್ ಕತ್ತರಿಸಿದಂತೆ, ಅಲ್ವಾ?

ಆ ಸದ್ದೇ ಕಂಟ್ರೋಲ್ ಚಾನೆಲ್. ಮೋಟೊರೋಲಾದ ಹಳೇ ವ್ಯವಸ್ಥೆಯಲ್ಲಿ ಸೆಕೆಂಡಿಗೆ 3600 ಬಿಟ್. ಇಂಥ ಟಾಕ್‌ಗ್ರೂಪ್ (ಅದೇ ಮಾತಿನ ಗುಂಪು), ಇಂಥ ರೇಡಿಯೊ, ಇಂಥ ಚಾನೆಲ್ ಅಂತ ಹೇಳುತ್ತಲೇ ಇರುತ್ತದೆ. 1997ರಲ್ಲಿ ಯುನಿಡೆನ್ ಕಂಪನಿಯ ಬೇರ್‌ಕ್ಯಾಟ್ 235 ಸ್ಕ್ಯಾನರ್ ಅದನ್ನು ಓದತೊಡಗಿತು. ನಿಮಗೆ ಬೇಕಾದ ಗುಂಪಿನ ಸಂಖ್ಯೆ ಬಂತೋ, ಆ ಚಾನೆಲ್‌ಗೆ ಹಾರು. ಮಾತು ಮುಗಿಯಿತೋ, ವಾಪಸ್ ಬಂದು ಗೊರಗೊರ ಓದು. ಅಷ್ಟೇ. ಬೀಗ ಒಡೆಯುವ ಮಾತೇ ಇಲ್ಲ, ಕೂಗಿ ಹೇಳಿದ್ದನ್ನು ಕೇಳಿಸಿಕೊಳ್ಳುವುದು.

ಟ್ರಂಕಿಂಗ್‌ನಲ್ಲಿ ಬೇರೆ ಬೇರೆ ವ್ಯವಸ್ಥೆಗಳಿವೆ: ಇಡಾಕ್ಸ್, ಎಲ್‌ಟಿಆರ್, ಪಿ25. ಇಡಾಕ್ಸ್‌ನಲ್ಲಿ ಸ್ವಲ್ಪ ತಲೆನೋವು. ಅದು 'ಐದನೇ ಚಾನೆಲ್' ಅನ್ನುತ್ತದೆ, ಐದನೆಯದು ಯಾವ ಫ್ರೀಕ್ವೆನ್ಸಿ ಅಂತ ಬಾಯಿ ಬಿಡುವುದಿಲ್ಲ. ನೀವು ಫ್ರೀಕ್ವೆನ್ಸಿಗಳನ್ನು ಅದೇ ಕ್ರಮದಲ್ಲಿ ಸ್ಕ್ಯಾನರ್‌ಗೆ ತುಂಬಿರಬೇಕು. ಒಂದು ಆಚೀಚೆ ಆದರೂ ತಪ್ಪು ಚಾನೆಲ್‌ಗೆ ಹಾರಿ ಕೂರುತ್ತದೆ. ಎಲ್‌ಟಿಆರ್‌ನಲ್ಲಿ ಬೇರೆ ಕಂಟ್ರೋಲ್ ಚಾನೆಲ್ಲೇ ಇಲ್ಲ, ಮಾತಿನ ಅಡಿಯಲ್ಲೇ ಸಣ್ಣ ದನಿಯಲ್ಲಿ ಡೇಟಾ ಹೋಗುತ್ತದೆ. ಪಿ25 ಒಳ್ಳೇ ಹುಡುಗ. ಸೆಕೆಂಡಿಗೆ 9600 ಬಿಟ್, ಫ್ರೀಕ್ವೆನ್ಸಿ ಲೆಕ್ಕವನ್ನೂ ತಾನೇ ಹೇಳುತ್ತದೆ. ಕಂಟ್ರೋಲ್ ಚಾನೆಲ್ ಒಂದು ಕೊಟ್ಟರೆ ಉಳಿದದ್ದು ಸ್ಕ್ಯಾನರ್ ನೋಡಿಕೊಳ್ಳುತ್ತದೆ. ಮತ್ತೆ ಹೇಳುತ್ತೇನೆ, ಫ್ರೀಕ್ವೆನ್ಸಿ ಬಿಡಿ!

ಕಾರ್ಯದರ್ಶಿಗಳು ಗಡಿಯಾರ ತೋರಿಸುತ್ತಿದ್ದಾರೆ. ಸೈಮಲ್‌ಕಾಸ್ಟ್ ಬಗ್ಗೆ ಒಂದೇ ಮಾತು: ಹಲವು ಟವರ್ ಒಂದೇ ಫ್ರೀಕ್ವೆನ್ಸಿಯಲ್ಲಿ ಒಟ್ಟಿಗೆ ಕಳಿಸುತ್ತವೆ, ಸಿಗ್ನಲ್ ಹಿಂದೆಮುಂದೆ ಬಂದು ಡೇಟಾ ಕೆಡುತ್ತದೆ. ಸಿಗ್ನಲ್ ಜೋರಾಗಿದ್ದೂ ಮಾತು ತುಂಡು ತುಂಡು. 2018ರಲ್ಲಿ ಬಂದ ಯುನಿಡೆನ್‌ನ ಎಸ್‌ಡಿಎಸ್100 ಸ್ಕ್ಯಾನರ್ ಇದನ್ನು ಬಹುಮಟ್ಟಿಗೆ ಸರಿಪಡಿಸಿತು. ಇನ್ನು ಎನ್‌ಕ್ರಿಪ್ಶನ್, ಅಂದರೆ ಮಾತನ್ನು ಗುಟ್ಟಿನ ಸಂಕೇತ ಮಾಡಿ ಕಳಿಸುವುದು. ಅಮೆರಿಕದ ಡೆನ್ವರ್ ನಗರದ ಪೊಲೀಸರು 2019ರಲ್ಲಿ ಹಾಕಿಕೊಂಡರು, ಪತ್ರಕರ್ತರು ಗಲಾಟೆ ಮಾಡಿದರು. ಕೀಲಿ ಇಲ್ಲದೆ ಯಾವ ಸ್ಕ್ಯಾನರೂ ಅಂಥ ಮಾತು ಬಿಡಿಸಲಾರದು. ಸಾಮಾನ್ಯವಾಗಿ ಗುಂಪಿನ ಸಂಖ್ಯೆ ಮಾತ್ರ ಪರದೆಯ ಮೇಲೆ ಕಾಣುತ್ತದೆ.

ಕಂಪ್ಯೂಟರಿಗೆ ಚುಚ್ಚುವ ರೇಡಿಯೊ ಡಾಂಗಲ್ ಮತ್ತು ಸಾಫ್ಟ್‌ವೇರ್ ಸ್ಲೈಡ್‌ಗಳನ್ನು ಹಾರಿಸುತ್ತೇನೆ. ಬೇಕಾದವರು ಕಾಫಿ ಹೊತ್ತಿಗೆ ಸಿಗಿ, ಲ್ಯಾಪ್‌ಟಾಪ್ ತಂದಿದ್ದೇನೆ.