ಐದು ಸ್ಟಾರ್ ಕೊಟ್ಟವರು ಕಲಿತರಾ?

ಎಲ್ಲರಿಗೂ ನಮಸ್ಕಾರ. ನನಗೆ ಕೊಟ್ಟಿರುವ ವಿಷಯ ದೊಡ್ಡದು. ಮಾಹಿತಿ ತಂತ್ರಜ್ಞಾನ, ಆನ್‌ಲೈನ್ ಕಲಿಕೆ, ಅಭಿಪ್ರಾಯ ವಿಶ್ಲೇಷಣೆ (ಬರಹದಲ್ಲಿರುವುದು ಹೊಗಳಿಕೆಯೋ ತೆಗಳಿಕೆಯೋ ಅಂತ ಯಂತ್ರದಿಂದ ಗುರುತಿಸುವುದು), ಈ ಮೂರನ್ನೂ ಹೇಳಲು ಹೊರಟರೆ ಯಾವುದೂ ಪೂರ್ತಿಯಾಗುವುದಿಲ್ಲ. ಅದಕ್ಕೇ ಮೂರೂ ಸೇರುವ ಒಂದೇ ಜಾಗವನ್ನು ಹಿಡಿದುಕೊಳ್ಳುತ್ತೇನೆ. ಆನ್‌ಲೈನ್ ಕೋರ್ಸ್ ಮಾಡಿದವರು ಬರೆಯುವ ಕಾಮೆಂಟ್‌ಗಳನ್ನು ಕಂಪ್ಯೂಟರ್ ಕೈಲಿ ಓದಿಸಿದರೆ ನಮಗೆ ನಿಜವಾಗಿ ಏನು ಗೊತ್ತಾಗುತ್ತದೆ? ಇವತ್ತಿನ ಮಾತು ಇಷ್ಟೇ.

ಈ ಕೆಲಸ ಯಾಕೆ ಬೇಕಾಯಿತು ಅಂತ ಮೊದಲು ನೋಡೋಣ. 2011ರಲ್ಲಿ ಸ್ಟ್ಯಾನ್‌ಫರ್ಡ್‌ನಲ್ಲಿ ಸೆಬಾಸ್ಟಿಯನ್ ಥ್ರನ್ ಮತ್ತು ಪೀಟರ್ ನಾರ್ವಿಗ್ ಕೃತಕ ಬುದ್ಧಿಮತ್ತೆಯ ಕೋರ್ಸೊಂದನ್ನು ಎಲ್ಲರಿಗೂ ಉಚಿತವಾಗಿ ತೆರೆದಿಟ್ಟರು. ಸುಮಾರು 1,60,000 ಜನ ಹೆಸರು ಬರೆಸಿದರು. ಮುಗಿಸಿದವರು 20 ಸಾವಿರದ ಆಚೀಚೆ. ಮರುವರ್ಷ ಇಂಥ ಕೋರ್ಸ್ ಕೊಡುವ ತಾಣಗಳೇ ಹುಟ್ಟಿದವು: ಕೋರ್ಸೆರಾ ಬಂತು, ಎಡ್‌ಎಕ್ಸ್ ಬಂತು. ಕ್ಲಾಸ್‌ರೂಮಿನಲ್ಲಾದರೆ ಅರ್ಥವಾಗದ ಹುಡುಗನ ಮುಖ ಪಾಠ ಮಾಡುವವರ ಕಣ್ಣಿಗೆ ಬೀಳುತ್ತದೆ, ಅವರು ಅಲ್ಲೇ ನಿಲ್ಲಿಸಿ ಇನ್ನೊಂದು ಸಲ ಹೇಳುತ್ತಾರೆ. ಲಕ್ಷ ಜನರಿರುವ ಕಡೆ ಮುಖವೇ ಇಲ್ಲ. ಇರುವುದು ಎರಡೇ: ಅವರು ಎಲ್ಲಿ ಕ್ಲಿಕ್ ಮಾಡಿದರು, ಏನು ಬರೆದರು. ಅಷ್ಟೂ ಬರಹವನ್ನು ಯಾರೂ ಕೂತು ಓದಲಾರರು. ಹಾಗಾಗಿ ಯಂತ್ರ.

ಯಂತ್ರ ಓದುವ ಕೆಲಸ ಅಷ್ಟರಲ್ಲಾಗಲೇ ಶುರುವಾಗಿತ್ತು. 2002ರಲ್ಲಿ ಬೋ ಪ್ಯಾಂಗ್, ಲಿಲಿಯನ್ ಲೀ, ಶಿವಕುಮಾರ್ ವೈದ್ಯನಾಥನ್ ಸಿನಿಮಾ ವಿಮರ್ಶೆಗಳ ಮೇಲೆ ಒಂದು ಪ್ರಯೋಗ ಮಾಡಿದರು. ಹೊಗಳಿಕೆಗೆ ಯಾವ ಪದ, ತೆಗಳಿಕೆಗೆ ಯಾವ ಪದ ಅಂತ ಇಬ್ಬರ ಹತ್ತಿರ ಪಟ್ಟಿ ಬರೆಸಿಕೊಂಡರು. ಸುಲಭ ಅಲ್ವಾ? ಆ ಪಟ್ಟಿಗಳನ್ನು ಇಟ್ಟುಕೊಂಡು ವಿಂಗಡಿಸಿದಾಗ ಒಂದು ಶೇ. 58ರಷ್ಟು ಸರಿ ಹೇಳಿತು, ಇನ್ನೊಂದು ಶೇ. 64. ನಾಣ್ಯ ಚಿಮ್ಮಿದರೂ 50 ಬರುತ್ತದೆ ಅನ್ನುವುದನ್ನು ಮರೆಯಬೇಡಿ. ಅದೇ ವಿಮರ್ಶೆಗಳಿಂದ ಯಂತ್ರ ತಾನೇ ಕಲಿತಾಗ ಸುಮಾರು 83 ಬಂತು. ಅದೇ ವರ್ಷ ಪೀಟರ್ ಟರ್ನಿ ಬೇರೆ ದಾರಿಯಲ್ಲಿ 410 ವಿಮರ್ಶೆಗಳನ್ನು ವಿಂಗಡಿಸಿದರು. ಅವರಿಗೆ ಕಾರಿನ ವಿಮರ್ಶೆಗಳಲ್ಲಿ ಶೇ. 84 ಸರಿ ಬಂತು, ಸಿನಿಮಾದಲ್ಲಿ ಬರೀ 66. ಯಾಕೆ ಅಂದರೆ, ಒಳ್ಳೆಯ ಸಿನಿಮಾದಲ್ಲೂ ಕೊಲೆ ಇರುತ್ತದೆ, ಕೆಟ್ಟ ಮನುಷ್ಯರಿರುತ್ತಾರೆ. ಅದರ ಬಗ್ಗೆ ಖುಷಿಯಿಂದ ಬರೆದವನ ಮಾತಲ್ಲೂ ಕೆಟ್ಟ ಪದಗಳು ತುಂಬಿರುತ್ತವೆ.

ಇದೇ ತೊಂದರೆ 12 ವರ್ಷದ ನಂತರ ಆನ್‌ಲೈನ್ ಕೋರ್ಸಿನಲ್ಲಿ ಮತ್ತೆ ಎದುರಾಯಿತು. 2014ರಲ್ಲಿ ಮಿಯಾವೊಮಿಯಾವೊ ವೆನ್, ಡಿಯಿ ಯಾಂಗ್, ಕ್ಯಾರೊಲಿನ್ ರೋಸೆ ಮೂರು ಕೋರ್ಸುಗಳ ಚರ್ಚೆಗಳನ್ನು ತೆಗೆದುಕೊಂಡು, ಬೇಸರದ ಮಾತಿಗೂ ಕೋರ್ಸ್ ಬಿಡುವುದಕ್ಕೂ ಏನು ಸಂಬಂಧ ಅಂತ ನೋಡಿದರು. ಎಲ್ಲರ ಮಾತನ್ನೂ ದಿನದ ಲೆಕ್ಕದಲ್ಲಿ ಒಟ್ಟು ಹಾಕಿದಾಗ ಸಂಬಂಧ ಕಂಡಿತು. ಒಬ್ಬೊಬ್ಬರನ್ನೇ ನೋಡಿದಾಗ ಮಾತ್ರ ಕೋರ್ಸಿಂದ ಕೋರ್ಸಿಗೆ ಕಥೆ ಬೇರೆ ಆಯಿತು. ಮೂರರಲ್ಲಿ ಒಂದು ಅದ್ಭುತ ಕಥೆಗಳನ್ನು, ವೈಜ್ಞಾನಿಕ ಕಥೆಗಳನ್ನು ಓದಿಸುವ ಕೋರ್ಸು. ಅಲ್ಲಿ ಕೆಟ್ಟ ಪದ ಬಳಸಿದವರು ಬಹಳಷ್ಟು ಸಲ ಕಥೆಯ ಬಗ್ಗೆಯೇ ಮಾತಾಡುತ್ತಿದ್ದರು. ಅಂದರೆ ಅವರು ಪಾಠದಲ್ಲಿ ಮುಳುಗಿದ್ದರು. ಈ ಒಂದು ಫಲಿತಾಂಶ ಸಾಕು, ಕೋರ್ಸ್ ಏನು ಅಂತಲೇ ನೋಡದೆ, ಕಾಮೆಂಟ್‌ಗಳ ಲೆಕ್ಕ ತೋರಿಸುವ ಡ್ಯಾಶ್‌ಬೋರ್ಡಿನಲ್ಲಿ ಬೇಸರದ ಕೆಂಪು ಗೆರೆ ನೋಡಿ ಗಾಬರಿಯಾಗುವವರಿಗೆ ತೋರಿಸಲು.

ಈಗ ಒಂದು ಕಾಮೆಂಟ್ ಬಿಡಿಸಿ ನೋಡೋಣ. ನಾನೇ ಬರೆದ ಮಾದರಿ ಇದು: "ಮೇಡಂ ಪಾಠ ಸೂಪರ್, ಆದ್ರೆ ಮೂರನೇ ವಾರದ ಕ್ವಿಜ್ ಸಬ್ಮಿಟ್ ಆಗ್ತಾನೇ ಇಲ್ಲ, ಸಪೋರ್ಟ್‌ನವರು ಬಿಡಿ, ತುಂಬಾ ಫಾಸ್ಟು." ಪಾಠಕ್ಕೆ ಹೊಗಳಿಕೆ. ಕ್ವಿಜ್ ಬಗ್ಗೆ ದೂರು, ಅದೂ ಸಾಫ್ಟ್‌ವೇರ್ ದೂರು. ಕೊನೆಯದು ಕುಹಕ. ಇದಕ್ಕೆಲ್ಲ ಸೇರಿಸಿ ಒಂದೇ ಅಂಕ ಕೊಟ್ಟರೆ 'ಪರವಾಗಿಲ್ಲ' ಅನ್ನುವ ಉತ್ತರ ಬರುತ್ತದೆ, ಅದರಿಂದ ಯಾರಿಗೂ ಉಪಯೋಗವಿಲ್ಲ. ಯಾವ ಅಂಶದ ಬಗ್ಗೆ ಯಾವ ಅಭಿಪ್ರಾಯ ಅಂತ ಬಿಡಿಸಬೇಕು. ಮಿನ್‌ಚಿಂಗ್ ಹು ಮತ್ತು ಬಿಂಗ್ ಲಿಯು 2004ರಲ್ಲೇ ಗ್ರಾಹಕರ ವಿಮರ್ಶೆಗಳ ಮೇಲೆ ಇದನ್ನು ಮಾಡಿ ತೋರಿಸಿದ್ದರು.

ಇನ್ನು "ಚೆನ್ನಾಗಿಲ್ಲ ಅಂತ ಹೇಳೋಕಾಗಲ್ಲ" ಅಂತ ಯಾರಾದರೂ ಬರೆದರೆ ಪದ ಎಣಿಸುವ ಪ್ರೋಗ್ರಾಂ ಅಲ್ಲೇ ಮುಗ್ಗರಿಸುತ್ತದೆ. ಕನ್ನಡವನ್ನು ಇಂಗ್ಲಿಷ್ ಅಕ್ಷರದಲ್ಲಿ ಟೈಪ್ ಮಾಡುವವರು ಒಂದೇ ಪದವನ್ನು ನಾಲ್ಕು ಥರ ಬರೆಯುತ್ತಾರೆ, ಮಧ್ಯೆ ಇಂಗ್ಲಿಷ್ ಪದ ಸೇರಿಸುತ್ತಾರೆ, ಆಮೇಲೆ ಎರಡು ಎಮೋಜಿ. 2018ರಲ್ಲಿ ಬಂದ ಬರ್ಟ್ ಥರದ ಭಾಷಾ ಮಾದರಿಗಳು (ಅಪಾರ ಬರಹ ಓದಿ ಭಾಷೆ ಕಲಿತ ಪ್ರೋಗ್ರಾಂಗಳು) ಅಕ್ಕಪಕ್ಕದ ಪದ ನೋಡಿ ಅರ್ಥ ಹಿಡಿಯುವುದರಿಂದ ಕೆಲಸ ಎಷ್ಟೋ ಸುಧಾರಿಸಿದೆ. ಕುಹಕ ಮಾತ್ರ ಈಗಲೂ ಕಷ್ಟ. ನಮಗೇ ಎಷ್ಟೋ ಸಲ ಗೊತ್ತಾಗುವುದಿಲ್ಲ, ಬಿಡಿ.

ಯಂತ್ರ ಪೂರ್ತಿ ಸರಿಯಾಗಿಯೇ ಓದಿತು ಅಂತಿಟ್ಟುಕೊಳ್ಳಿ. ಆಗಲೂ ಒಂದು ಪ್ರಶ್ನೆ ಉಳಿಯುತ್ತದೆ: ಬರೆದವರು ಯಾರು? ತುಂಬಾ ಇಷ್ಟಪಟ್ಟವರು, ತುಂಬಾ ಸಿಟ್ಟಾದವರು. ನಡುವಿನವರು ಸುಮ್ನೆ ಇರುತ್ತಾರೆ. ಎರಡನೇ ವಾರಕ್ಕೇ ಬಿಟ್ಟುಹೋದವರಂತೂ ಕೊನೆಯ ವಾರದ ಫೀಡ್‌ಬ್ಯಾಕ್ ಫಾರಂ ನೋಡಿಯೇ ಇರುವುದಿಲ್ಲ. ಉಳಿದವರನ್ನಷ್ಟೇ ಕೇಳಿ, ಶೇ. 95 ಜನಕ್ಕೆ ತೃಪ್ತಿ ಅಂತ ಜಾಹೀರಾತು ಹಾಕುವುದು ನನ್ನ ಪ್ರಕಾರ ಮೋಸಕ್ಕೆ ಹತ್ತಿರದ್ದು.

ಇನ್ನೂ ಮುಖ್ಯವಾದ್ದು ಮುಂದಿದೆ. ಇಷ್ಟವಾಯಿತು ಅನ್ನುವುದೂ ಕಲಿತೆ ಅನ್ನುವುದೂ ಒಂದೇನಾ? 2019ರಲ್ಲಿ ಹಾರ್ವರ್ಡ್‌ನಲ್ಲಿ ಲೂಯಿ ಡೆಲೋರಿಯೆ ಮತ್ತು ಜೊತೆಗಾರರು ಭೌತಶಾಸ್ತ್ರದ ಹುಡುಗರ ಮೇಲೆ ಇದನ್ನು ಪರೀಕ್ಷಿಸಿದರು. ಪಾಠ ಒಂದೇ. ಒಂದು ಗುಂಪಿಗೆ ಅನುಭವಿ ಅಧ್ಯಾಪಕರ ಸೊಗಸಾದ ಉಪನ್ಯಾಸ. ಇನ್ನೊಂದು ಗುಂಪು ಚಿಕ್ಕ ಚಿಕ್ಕ ತಂಡಗಳಲ್ಲಿ ಕೂತು ಲೆಕ್ಕಗಳ ಜೊತೆ ಒದ್ದಾಡಬೇಕು. ಮುಂದಿನ ಪಾಠಕ್ಕೆ ಗುಂಪು ಅದಲುಬದಲು. ಪರೀಕ್ಷೆಯಲ್ಲಿ ಒದ್ದಾಡಿದವರಿಗೆ ಜಾಸ್ತಿ ಅಂಕ ಬಂತು. ಆದರೆ 'ಎಷ್ಟು ಕಲಿತಿರಿ' ಅಂತ ಕೇಳಿದಾಗ ಉಪನ್ಯಾಸ ಕೇಳಿದವರೇ ಜಾಸ್ತಿ ಕಲಿತೆವು ಅಂದರು. ಸರಾಗವಾಗಿ ಹರಿದ ಮಾತು ಅರ್ಥವಾದಂತೆ ಅನ್ನಿಸುತ್ತದೆ, ಕಷ್ಟಪಟ್ಟಾಗ ಏನೂ ಬರುತ್ತಿಲ್ಲ ಅನ್ನಿಸುತ್ತದೆ. (ನಾನೂ ಈಗ ಉಪನ್ಯಾಸವನ್ನೇ ಕೊಡುತ್ತಿದ್ದೇನೆ. ಎಲ್ಲ ಚೆನ್ನಾಗಿ ಅರ್ಥವಾಯಿತು ಅನ್ನಿಸಿದರೆ ಸ್ವಲ್ಪ ಅನುಮಾನಪಡಿ.)

ಇನ್ನೊಂದು ಅಧ್ಯಯನ ಚಿಕ್ಕದು, 43 ವಿದ್ಯಾರ್ಥಿಗಳದ್ದು, ಆದರೆ ಆನ್‌ಲೈನ್ ಕೋರ್ಸಿನದೇ. ಲಿಲಿಯನ್ ಮ್ಯಾಕ್‌ನೆಲ್ ಮತ್ತು ಜೊತೆಯವರು 2015ರಲ್ಲಿ ಪ್ರಕಟಿಸಿದ್ದು. ಒಬ್ಬ ಪುರುಷ, ಒಬ್ಬ ಮಹಿಳೆ ಪಾಠ ನಡೆಸಿದರು. ಇಬ್ಬರೂ ಒಂದು ಗುಂಪಿಗೆ ಸ್ವಂತ ಹೆಸರಿನಲ್ಲಿ, ಇನ್ನೊಂದಕ್ಕೆ ಮತ್ತೊಬ್ಬರ ಹೆಸರಿನಲ್ಲಿ. ಅಂಕಗಳನ್ನು ಎಲ್ಲರಿಗೂ ಒಂದೇ ಸಮಯಕ್ಕೆ ಕೊಟ್ಟರು. ಬೇಗ ಕೊಟ್ಟಿದ್ದಕ್ಕೆ ಐದರಲ್ಲಿ ಎಷ್ಟು ಅಂತ ವಿದ್ಯಾರ್ಥಿಗಳನ್ನು ಕೇಳಿದರೆ ಗಂಡಸಿನ ಹೆಸರಿಗೆ 4.35, ಹೆಂಗಸಿನ ಹೆಸರಿಗೆ 3.55. ಇಂಥ ಅಭಿಪ್ರಾಯವನ್ನು ಯಂತ್ರ ಎಷ್ಟು ನಿಖರವಾಗಿ ಓದಿದರೂ ಓದಿದ್ದು ಪೂರ್ವಗ್ರಹವನ್ನೇ. ಅದನ್ನಿಟ್ಟುಕೊಂಡು ಯಾರದೋ ಬಡ್ತಿ ನಿರ್ಧರಿಸಬಾರದು. ಈ ವಿಷಯದಲ್ಲಿ ನನಗೆ ಎರಡು ಮಾತಿಲ್ಲ.

ಹಾಗಾದರೆ ಇದೆಲ್ಲ ದಂಡವಾ? ಅಲ್ಲ. ಎಲ್ಲಿ ನೋಡಬೇಕು ಅನ್ನುವುದನ್ನು ಕಾಮೆಂಟ್‌ಗಳು ಚೆನ್ನಾಗಿ ಹೇಳುತ್ತವೆ. ಒಂದೇ ವಿಡಿಯೊ ಬಗ್ಗೆ ದೂರು ಜಾಸ್ತಿ ಇದೆ, ಕ್ಲಿಕ್‌ಗಳ ದಾಖಲೆ (ಲಾಗ್) ನೋಡಿದರೆ ಜನ ಒಂದೇ ಜಾಗಕ್ಕೆ ಹಿಂದೆ ಹೋಗಿ ಮತ್ತೆ ಮತ್ತೆ ನೋಡಿದ್ದಾರೆ, ಅದಕ್ಕೆ ಸಂಬಂಧಿಸಿದ ಪ್ರಶ್ನೆಗೇ ತಪ್ಪು ಉತ್ತರ ಬರುತ್ತಿದೆ, ಮೂರೂ ಒಂದೇ ಕಡೆ ಕೈ ತೋರಿಸಿದರೆ ಆ ಭಾಗವನ್ನು ಹೊಸದಾಗಿ ರೆಕಾರ್ಡ್ ಮಾಡಬಹುದು.

ಇಲ್ಲಿ ಪ್ರಾಜೆಕ್ಟ್ ಮಾಡುವವರೂ ಇದ್ದೀರಿ, ನಿಮಗೆ ಒಂದೆರಡು ಮಾತು. ಯಂತ್ರದ ಮಾದರಿಯನ್ನು (ಮಾಡೆಲ್) ಆಮೇಲೆ ಆರಿಸಿ, ಮೊದಲು ಕೆಲವು ನೂರು ಕಾಮೆಂಟ್‌ಗಳನ್ನು ಕೈಯಾರೆ ಓದಿ. ಇಬ್ಬರು ಬೇರೆ ಬೇರೆ ಕೂತು ಒಂದೊಂದಕ್ಕೂ ಹೊಗಳಿಕೆಯೋ ದೂರೋ ಅಂತ ಲೇಬಲ್ ಹಾಕಿ. ಎಷ್ಟು ತಾಳೆಯಾಯಿತು ಅಂತ ಕೊಹೆನ್ ಕಪ್ಪಾ ಹಾಕಿ ನೋಡಿ, 1960ರಿಂದ ಇರುವ ಅಳತೆ ಅದು. ಮನುಷ್ಯರಿಬ್ಬರಿಗೇ ಹೊಂದದಿದ್ದರೆ ಯಂತ್ರ ಯಾವುದನ್ನು ಸರಿ ಅಂತ ಕಲಿಯಬೇಕು? ಮತ್ತೆ ನಿಖರತೆಯ ಅಂಕೆ ನೋಡಿ ಮೋಸಹೋಗಬೇಡಿ. 100ರಲ್ಲಿ 90 ಕಾಮೆಂಟ್ ಹೊಗಳಿಕೆಯೇ ಆಗಿದ್ದರೆ, ಎಲ್ಲದಕ್ಕೂ 'ಒಳ್ಳೆಯದು' ಅನ್ನುವ ಪ್ರೋಗ್ರಾಮಿಗೂ ಶೇ. 90 ಬರುತ್ತದೆ. ಅದು ಒಂದು ದೂರನ್ನೂ ಹಿಡಿದಿರುವುದಿಲ್ಲ. ಆ 10ರಲ್ಲಿ ಎಷ್ಟು ಹಿಡಿದಿರಿ, ಅದನ್ನು ವರದಿಯಲ್ಲಿ ಬರೆಯಿರಿ. ಹೆಸರು, ಇಮೇಲ್ ತೆಗೆದುಹಾಕಿ ಕೆಲಸ ಶುರುಮಾಡಿ, ಬರೆದವರಿಗೆ ಇದನ್ನು ಓದುತ್ತೇವೆ ಅಂತ ಮೊದಲೇ ತಿಳಿಸಿ. ಪ್ರಶ್ನೆ ಇದ್ದವರು ಕೇಳಿ, ದೂರು ಇದ್ದವರು ಮೊದಲು.