ತೀರ್ಥ ಮನೆಗೆ ಬರುವ ದಾರಿ

ಎಲ್ಲರಿಗೂ ನಮಸ್ಕಾರ. ತುಲಾ ಸಂಕ್ರಮಣ ಹತ್ತಿರವಾಗುತ್ತಿದೆ. ಅಕ್ಟೋಬರ್ 17 ಅಥವಾ 18ರ ಆಸುಪಾಸಿನಲ್ಲಿ, ಸೂರ್ಯ ತುಲಾ ರಾಶಿಗೆ ಕಾಲಿಡುವ ಗಳಿಗೆಗೆ ಕೊಡಗಿನ ತಲಕಾವೇರಿಯಲ್ಲಿ, ಕಾವೇರಿ ಹುಟ್ಟುವ ಪುಟ್ಟ ಕೊಳವಾದ ಬ್ರಹ್ಮಕುಂಡಿಕೆಯಲ್ಲಿ ತೀರ್ಥೋದ್ಭವ, ಅಂದರೆ ತೀರ್ಥ ಉಕ್ಕಿ ಬರುವುದು. ಆ ಗಳಿಗೆ ಒಂದು ವರ್ಷ ನಡುರಾತ್ರಿ ಬಿದ್ದರೆ ಇನ್ನೊಂದು ವರ್ಷ ಹಗಲಿನಲ್ಲಿ ಬೀಳುತ್ತದೆ. ಇಲ್ಲಿ ಕುಳಿತಿರುವ ಅನೇಕರು ಮಂಜು, ಚಳಿ, ನೂಕುನುಗ್ಗಲುಗಳ ನಡುವೆ ಅದಕ್ಕಾಗಿ ಕಾದು ನಿಂತವರೇ. ಆದ್ದರಿಂದ ಕ್ಷೇತ್ರದ ಮಹಿಮೆಯನ್ನು ನಿಮಗೆ ಮೊದಲಿನಿಂದ ಹೇಳಬೇಕಾಗಿಲ್ಲ. ನಾನು ಹೇಳಬೇಕೆಂದಿರುವುದು ಇಷ್ಟು: ಈ ಯಾತ್ರೆ ಕುಂಡಿಕೆಯ ಬಳಿ ಮುಗಿಯುವುದಿಲ್ಲ, ನಮ್ಮ ಗದ್ದೆಯಲ್ಲಿ, ಬಾವಿಕಟ್ಟೆಯಲ್ಲಿ ಮುಗಿಯುತ್ತದೆ. ಬೆಟ್ಟದ ಮೇಲಿನ ಆ ಒಂದು ಕ್ಷಣವನ್ನೇ ಇಡೀ ಯಾತ್ರೆ ಎಂದುಕೊಂಡದ್ದರಿಂದ ಬೆಟ್ಟಕ್ಕೆ ಭಾರ ಹೆಚ್ಚಿತು, ಯಾತ್ರೆಯ ತೂಕ ಕಡಿಮೆಯಾಯಿತು.

ಹಿರಿಯರು ಇಟ್ಟ ಕ್ರಮವನ್ನು ನೋಡಿ. ಮೊದಲು ಬೆಟ್ಟದ ಬುಡದ ಭಾಗಮಂಡಲ. ಕಾವೇರಿ, ಕನ್ನಿಕೆ, ಕಣ್ಣಿಗೆ ಕಾಣದ ಸುಜ್ಯೋತಿ ಸೇರುವ ತ್ರಿವೇಣಿ ಸಂಗಮದಲ್ಲಿ ಮೀಯಬೇಕು. ಪಿತೃಗಳಿಗೆ ಪಿಂಡ ಬಿಡುವವರು ಅಲ್ಲಿ ಬಿಡಬೇಕು. ಬಳಿಕ ಅಲ್ಲಿನ ಶಿವ, ಭಗಂಡೇಶ್ವರನ ದರ್ಶನ. ಟಿಪ್ಪುವಿನ ಸೇನೆಯ ವಶದಲ್ಲಿದ್ದ ಭಾಗಮಂಡಲವನ್ನು ಕೊಡಗಿನ ರಾಜ ದೊಡ್ಡ ವೀರರಾಜೇಂದ್ರ 1790ರಲ್ಲಿ ಮರಳಿ ಪಡೆದ ಚರಿತ್ರೆಯೂ ಆ ಅಂಗಳಕ್ಕಿದೆ, ಅದು ಬೇರೆಯೇ ಉಪನ್ಯಾಸದ ವಿಷಯ. ದರ್ಶನವಾದ ಮೇಲೆಯೇ ತಲಕಾವೇರಿಗೆ ಎಂಟು ಕಿಲೋಮೀಟರ್ ಏರು, ಸಮುದ್ರಮಟ್ಟದಿಂದ ಸುಮಾರು 1,276 ಮೀಟರ್ ಎತ್ತರಕ್ಕೆ. ಇಂದಿಗೂ ಕೊಡವರ ಉಡುಪಾದ ಕುಪ್ಯ ಚೇಲೆ ಧರಿಸಿ, ದುಡಿ ಎಂಬ ಪುಟ್ಟ ವಾದ್ಯ ಬಾರಿಸುತ್ತಾ, ಹಾಡುತ್ತಾ ಆ ದಾರಿಯನ್ನು ನಡೆದೇ ಏರುವ ಯುವಕರಿದ್ದಾರೆ. ಅವರನ್ನು ಕಂಡರೆ ನನಗೆ ಹೆಮ್ಮೆ. ಮಿಂದು, ಪಿತೃಗಳನ್ನು ನೆನೆದು, ಬೆವರಿ ಏರಿದವನಿಗೆ ಸಿಗುವ ಬೆಟ್ಟವೇ ಬೇರೆ, ಕಾರಿನ ಬಾಗಿಲು ತೆರೆದು ಇಳಿದವನಿಗೆ ಸಿಗುವ ಬೆಟ್ಟವೇ ಬೇರೆ.

ಕಾವೇರಮ್ಮೆಯ ಕಥೆ ನಿಮಗೆ ಗೊತ್ತು. ಕವೇರ ಮುನಿಯ ಮಗಳು ಲೋಪಾಮುದ್ರೆ ಅಗಸ್ತ್ಯರನ್ನು ವರಿಸಿದಳು. ಲೋಕಕ್ಕೆ ನೀರಾಗಿ ಹರಿಯಬೇಕೆಂಬ ಆಸೆ ಅವಳದು, ಅವಳನ್ನು ತಮ್ಮ ನೀರಿನ ಪಾತ್ರೆಯಾದ ಕುಂಡಿಕೆಯಲ್ಲಿ ಕಾಯ್ದಿಡುವ ಹಂಬಲ ಅಗಸ್ತ್ಯರದು. ಒಂದು ದಿನ ಅವರು ಸ್ನಾನಕ್ಕೆ ಹೋದಾಗ ಅವಳು ಕುಂಡಿಕೆಯಿಂದ ಉಕ್ಕಿ ಹೊರಟಳು. ಶಿಷ್ಯರು ತಡೆಯಲು ಬಂದಾಗ ಭೂಮಿಯೊಳಗೆ ಮರೆಯಾಗಿ, ಕೆಳಗೆ ಭಗಂಡ ಕ್ಷೇತ್ರದಲ್ಲಿ, ಅಂದರೆ ಭಾಗಮಂಡಲದಲ್ಲಿ, ಮತ್ತೆ ಕಾಣಿಸಿಕೊಂಡಳು. ಈ ಕಥೆ ಕೇಳುವಾಗಲೆಲ್ಲ ನಾನು ಬೆರಗಾಗುತ್ತೇನೆ. ಏಕೆಂದರೆ ಆ ಬೆಟ್ಟದಲ್ಲಿ ನೀರು ನಡೆದುಕೊಳ್ಳುವುದೇ ಹಾಗೆ. ಕುಂಡಿಕೆಯಿಂದ ಹೊಳೆಯೊಂದು ಭೋರ್ಗರೆದು ಇಳಿಯುವುದನ್ನು ನೀವು ಕಾಣುವುದಿಲ್ಲ. ಅದು ನೆಲದೊಳಗೆ ಇಳಿದು, ತಗ್ಗಿನಲ್ಲಿ ತೊರೆಯಾಗಿ ಹೊರಬರುತ್ತದೆ. ಜೂನ್‌ನಿಂದ ಸುರಿದ ಮಳೆಯನ್ನು ಆ ಬೆಟ್ಟದ, ಬ್ರಹ್ಮಗಿರಿಯ, ಹುಲ್ಲುಗಾವಲು ತಡೆಯುತ್ತದೆ, ಕಣಿವೆಗಳ ಶೋಲಾ ಕಾಡಿನ ಮಣ್ಣು ಕುಡಿದಿಟ್ಟುಕೊಳ್ಳುತ್ತದೆ. ಮಳೆ ನಿಂತ ಮೇಲೂ ತಿಂಗಳುಗಟ್ಟಲೆ ಅದನ್ನು ಸ್ವಲ್ಪಸ್ವಲ್ಪವಾಗಿ ಬಿಟ್ಟುಕೊಡುತ್ತದೆ. ಬೆಟ್ಟದಿಂದ ಪಶ್ಚಿಮಕ್ಕೆ ನೇರ ಗೆರೆ ಎಳೆದರೆ ಸುಮಾರು 50 ಕಿಲೋಮೀಟರಿನಲ್ಲೇ ಅರಬ್ಬಿ ಸಮುದ್ರವಿದೆ. ಆದರೂ ಕಾವೇರಿ ಪೂರ್ವಕ್ಕೆ ತಿರುಗಿ, ಸುಮಾರು 800 ಕಿಲೋಮೀಟರ್ ಹರಿದು ಬಂಗಾಳಕೊಲ್ಲಿಯನ್ನು ಸೇರುತ್ತಾಳೆ. ದಾರಿಯುದ್ದಕ್ಕೂ ಎಷ್ಟು ಗದ್ದೆಗಳು, ಎಷ್ಟು ಊರುಗಳು! ಅವಳು ಹೊರಟದ್ದೇ ಅದಕ್ಕಾಗಿ.

ಹಾಗಿರುವಾಗ ನಮ್ಮ ಕೊಡವ ಮನೆಗಳಲ್ಲಿ ನಡೆಯುವುದು ಪೂಜೆಯ ಉಳಿಕೆಯಲ್ಲ, ಅದೇ ಯಾತ್ರೆಯ ಮುಂದಿನ ಭಾಗ. ಸಂಕ್ರಮಣಕ್ಕೆ ಮುಂಚೆಯೇ ಗದ್ದೆಯಲ್ಲಿ, ಬಾವಿಯ ಬಳಿ, ಮನೆಯ ಮುಂದೆ ಕಾಡುಬಳ್ಳಿ ಸುತ್ತಿದ ಕೋಲು, ಬೊತ್ತ್, ನೆಡುತ್ತೇವೆ. ಮರುದಿನ ಕಣಿಪೂಜೆ. ಸೌತೆಕಾಯಿಗೋ ತೆಂಗಿನಕಾಯಿಗೋ ಕೆಂಪು ರೇಷ್ಮೆ ಉಡಿಸಿ, ಪತ್ತಾಕ್ ಎಂಬ ಕೊರಳ ಆಭರಣ ತೊಡಿಸಿ, ಹೂವಿಟ್ಟು, ದೀಪದ ಮುಂದೆ ಕಾವೇರಮ್ಮೆಯೆಂದು ಕೂರಿಸುತ್ತೇವೆ. ಮನೆಯವರೆಲ್ಲ ಒಬ್ಬೊಬ್ಬರಾಗಿ ಅಕ್ಕಿ ಹಾಕಿ ನಮಸ್ಕರಿಸಿ, ಹಿರಿಯರ ಕಾಲು ಮುಟ್ಟುತ್ತಾರೆ. ಬೊತ್ತಿನ ಮೇಲೆ ದೋಸೆ ಇಡುತ್ತೇವೆ. ಆ ದಿನದ ಊಟದಲ್ಲಿ ಮಾಂಸವಿಲ್ಲ, ದೋಸೆ ಮತ್ತು ಕುಂಬಳಕಾಯಿ ಸಾರು. ಬೆಟ್ಟದಿಂದ ತಂದ ತೀರ್ಥವನ್ನು ಗದ್ದೆಗೆ, ಬಾವಿಗೆ ಚಿಮುಕಿಸಿ, ಉಳಿದದ್ದನ್ನು ಜೋಪಾನ ಮಾಡುತ್ತೇವೆ. ವರ್ಷದ ಯಾವುದೋ ದಿನ, ಕೊನೆಯುಸಿರು ಎಳೆಯುತ್ತಿರುವ ಹಿರಿಯರ ಬಾಯಿಗೆ ಅದರದೇ ನಾಲ್ಕು ಹನಿ. ಭಾಗಮಂಡಲದ ಸುತ್ತಲಿನ ಅರೆಭಾಷೆ ಗೌಡ ಕುಟುಂಬಗಳಿಗೂ ಕಾವೇರಮ್ಮೆ ಮನೆಯ ತಾಯಿಯೇ. ಬೆಟ್ಟ ಹತ್ತಲಾರದ ಅಜ್ಜಿಗೂ ಪೂರ್ಣ ಪಾಲು ಇರುವ ಯಾತ್ರೆ ಇದು.

ಈಗ ಬೆಟ್ಟದ ಮಾತು. 2020ರ ಆಗಸ್ಟ್ ಮೊದಲ ವಾರದ ಮಳೆಯಲ್ಲಿ ತಲಕಾವೇರಿಯ ಗಜಗಿರಿ ಕುಸಿಯಿತು. ಕ್ಷೇತ್ರದ ಅರ್ಚಕರ ಮನೆ ಮಣ್ಣಿನಡಿ ಹೋಯಿತು, ಜೀವಗಳು ಹೋದವು. ಅದಕ್ಕೂ ಎರಡು ವರ್ಷ ಮುಂಚೆ, 2018ರ ಆಗಸ್ಟ್‌ನಲ್ಲಿ, ಮಡಿಕೇರಿ ಸುತ್ತಲಿನ ಬೆಟ್ಟಗಳು ಜಾರಿದ್ದನ್ನು ಕಂಡ ನಮಗೆ ಎಚ್ಚರಿಕೆ ಹೊಸದಾಗಿರಲಿಲ್ಲ. ಸುತ್ತಲಿನ ಕಾಡನ್ನು 1987ರಲ್ಲಿ ವನ್ಯಜೀವಿಧಾಮವೆಂದು ಘೋಷಿಸಲಾಗಿದೆ, ಅದು ಕಾಗದದ ರಕ್ಷಣೆ. ಇಳಿಜಾರನ್ನು ಕಡಿಯದಿರುವುದು, ಹುಲ್ಲಿನ ಮೇಲೆ ವಾಹನ ಹತ್ತಿಸದಿರುವುದು, ಹೊಸ ಕಟ್ಟಡಗಳಿಗೆ ಬೆಟ್ಟದ ಮೇಲೆ ಜಾಗ ಕೇಳದಿರುವುದು ಭಕ್ತರಾದ ನಮ್ಮ ಕೆಲಸ. ಕಾವೇರಿಗೆ ಗುಡಿ ಕಟ್ಟಿದ್ದು ನಾವು, ನಿಜ. ಆದರೆ ಅವಳಿಗೆ ನೀರು ಕೊಡುವುದು ಆ ಮಣ್ಣು. ಮಣ್ಣನ್ನು ಬಿಟ್ಟು ಗುಡಿಯನ್ನು ಮಾತ್ರ ಪೂಜಿಸುವ ಭಕ್ತಿಯನ್ನು ನಾನು ಒಪ್ಪಲಾರೆ.

ಈ ಸಲ ಹೋಗುವವರಲ್ಲಿ ನನ್ನ ಬೇಡಿಕೆ ಇದು. ಕಾಲಿನಲ್ಲಿ ಶಕ್ತಿಯಿರುವವರು ವಾಹನವನ್ನು ಭಾಗಮಂಡಲದಲ್ಲೇ ಬಿಟ್ಟು ನಡೆಯಿರಿ. ಹೆಚ್ಚೆಂದರೆ ಮೂರು ಗಂಟೆಯ ಏರು. ಮೇಲಿನ ರಸ್ತೆ ವಯಸ್ಸಾದವರಿಗೆ, ಕಾಯಿಲೆಯವರಿಗೆ, ಕೂಸು ಎತ್ತಿಕೊಂಡ ತಾಯಂದಿರಿಗೆ ಇರಲಿ. ಸಂಗಮದಲ್ಲಿ ಮಿಂದ ಬಟ್ಟೆಯನ್ನು ನೀರಿಗೆ ಬಿಡಬೇಡಿ, ಕಟ್ಟಿಕೊಂಡು ಮನೆಗೆ ತನ್ನಿ. ತೀರ್ಥಕ್ಕೆ ಪ್ಲಾಸ್ಟಿಕ್ ಬಾಟಲಿ ಬೇಡ, ಮನೆಯಿಂದಲೇ ತಾಮ್ರದ ಚೊಂಬೋ ಸ್ಟೀಲ್ ಪಾತ್ರೆಯೋ ಒಯ್ಯಿರಿ. ಬೆಂಗಳೂರಿನಿಂದ ಬರುವ ಮಕ್ಕಳಿಗೆ ತೀರ್ಥೋದ್ಭವಕ್ಕೆ ಮಾತ್ರವಲ್ಲ, ಮರುದಿನದ ಕಣಿಪೂಜೆಗೂ ರಜೆ ಹಾಕಲು ಈಗಲೇ ಹೇಳಿ. ಬೊತ್ತ್ ನೆಡುವ ಕೆಲಸವನ್ನು ಅವರ ಕೈಗೇ ಕೊಡಿ.